ರೋಗಿಗೂ ಒಂದು ಕೆಲಸ: ಸಸ್ಕಾಚೆವಾನ್ ಹುಲ್ಲುಗಾವಲಿನಲ್ಲಿ ನನ್ನ ನರ್ಸಿಂಗ್

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ದಕ್ಷಿಣ ಭಾಗದಲ್ಲಿ, ಸಾವಿರ ಜನವೂ ಇಲ್ಲದ ಒಂದು ಊರಿನಲ್ಲಿ ನಾನು ಮನೆಮನೆಗೆ ಹೋಗುವ ನರ್ಸು. ಗಾಯಕ್ಕೆ ಡ್ರೆಸಿಂಗ್ ಮಾಡುವುದು, ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷಿಸುವುದು, ಆಸ್ಪತ್ರೆಯಿಂದ ಬಂದವರನ್ನು ಮತ್ತೆ ನಡೆಯುವಂತೆ ಮಾಡುವುದು, ಕೊನೆಯ ದಿನಗಳಲ್ಲಿರುವವರಿಗೆ ನೋವಿನ ಔಷಧಿ ಹೊಂದಿಸುವುದು, ಇವು ನನ್ನ ಕೆಲಸ. ಒಂದು ಮನೆಯಿಂದ ಇನ್ನೊಂದಕ್ಕೆ ಜಲ್ಲಿರಸ್ತೆಯಲ್ಲಿ ಅರ್ಧ ಗಂಟೆ ಕಾರು ಓಡಿಸಬೇಕಾಗುತ್ತದೆ. ಎದುರು ಬರುವ ಪ್ರತಿ ಪಿಕಪ್ಪಿನ ಚಾಲಕನೂ ಸ್ಟೇರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾನೆ. ನಾನೂ ಎತ್ತುತ್ತೇನೆ.

ಇಲ್ಲಿ ಬಂದ ಮೇಲೆ ನಾನು ಕಂಡುಕೊಂಡ ಒಂದು ವಿಷಯವನ್ನು, ಅದನ್ನು ಹೇಗೆ ಆಚರಣೆಗೆ ತಂದೆ ಅನ್ನುವುದರ ಸಮೇತ ಹೇಳಬೇಕೆಂದು ಬಹಳ ದಿನಗಳಿಂದ ಅನಿಸುತ್ತಿತ್ತು. ಕಾಯಿಲೆ ಬಿದ್ದವರನ್ನು ನಾವು ಮೊದಲು ಎಲ್ಲ ಕೆಲಸಗಳಿಂದ ಬಿಡಿಸುತ್ತೇವೆ. ಅದು ಕೆಲವು ವಾರಗಳಿಗೆ ಸರಿ. ಆದರೆ ಅರವತ್ತು ವರ್ಷ ಹೊಲ ಉತ್ತವರನ್ನು ಕಿಟಕಿಯ ಪಕ್ಕ ಕೂರಿಸಿ, ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟು, ಟಿವಿ ಹಾಕಿಟ್ಟರೆ ಅವರು ಒಳಗಿಂದ ಕುಸಿಯುತ್ತಾರೆ. ಗಾಯ ಮಾಗುತ್ತದೆ, ಮನುಷ್ಯ ಏಳುವುದಿಲ್ಲ. ಏಳಿಸಲು ಅವರಿಗೊಂದು ಕೆಲಸ ಬೇಕು. ಹೊತ್ತು ಕಳೆಯಲಿ ಎಂದು ಕೊಡುವ ಕೆಲಸ ಆಗದು. ಅವರು ಮಾಡದಿದ್ದರೆ ನಿಂತುಹೋಗುವ, ಊರಿಗೆ ನಿಜವಾಗಿ ಬೇಕಾದ ಕೆಲಸವೇ ಆಗಬೇಕು. ನಮ್ಮೂರಿನಲ್ಲಿ ಆ ಕೆಲಸ ಹುಲ್ಲಿನ ರೂಪದಲ್ಲಿ ಸಿಕ್ಕಿತು.

ನಾನು ಹುಟ್ಟಿ ಬೆಳೆದದ್ದು ಬೀರೂರು ಕಡೆ. ಅಮೃತಮಹಲ್ ದನಗಳಿಗೆಂದು ಬಿಟ್ಟ ಕಾವಲುಗಳ ಸೀಮೆ ಅದು. ಕಡೂರಿನ ಬಾಸೂರು ಕಾವಲಿನಲ್ಲಿ ಈಗಲೂ ಕೃಷ್ಣಮೃಗಗಳಿವೆ. 2011ರಲ್ಲಿ ಅದನ್ನು ಸಂರಕ್ಷಿತ ಮೀಸಲು ಎಂದು ಘೋಷಿಸಿದರು. ಮರವಿಲ್ಲದ ಬಯಲನ್ನು ಬಂಜರು ಎಂದು ಬರೆದು, ಅದರಲ್ಲಿ ಏನಾದರೂ ಕಟ್ಟಬೇಕು, ನೆಡಬೇಕು ಎಂದು ಹೊರಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹಾಗಾಗಿ ಸಸ್ಕಾಚೆವಾನ್ ನನಗೆ ಖಾಲಿಯಾಗಿ ಕಾಣಲಿಲ್ಲ. ಮೊದಲ ಬಾರಿ ವಿಡಿಯೊ ಕರೆಯಲ್ಲಿ ಮನೆಯ ಹಿಂದಿನ ಬಯಲು ತೋರಿಸಿದಾಗ ಅಮ್ಮ, "ಇಷ್ಟು ದೂರ ಹೋದ್ರೂ ನಿನಗೆ ಕಾವಲೇ ಸಿಕ್ತಲ್ಲೇ" ಅಂದಳು.

ಒಂದು ವ್ಯತ್ಯಾಸವಿದೆ. ಇಲ್ಲಿ ಕಾಣುವ ಹಸಿರಿನಲ್ಲಿ ಹೆಚ್ಚಿನದು ಮೂಲದ ಪ್ರೇರಿ, ಅಂದರೆ ಈ ಬಯಲಿನ ಸಹಜ ಹುಲ್ಲುಗಾವಲು ಅಲ್ಲ. ಗೋಧಿ, ಕನೋಲ, ಬಟಾಣಿ, ಮಸೂರದ ಹೊಲಗಳು, ಇಲ್ಲವೇ ಹೊರಗಿನಿಂದ ತಂದು ಬಿತ್ತಿದ ಮೇವಿನ ಹುಲ್ಲು. ಈ ಪ್ರಾಂತ್ಯದಲ್ಲಿ ಮೂಲದ ಹುಲ್ಲುಗಾವಲು ಉಳಿದಿರುವುದು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. 1930ರ ದಶಕದಲ್ಲಿ ಬರ ಬಂದು, ಉತ್ತ ಮಣ್ಣು ಧೂಳಾಗಿ ಹಾರಿಹೋದಾಗ, ನೆಲ ಹಿಡಿದು ನಿಲ್ಲಲಿ ಎಂದು ಕ್ರೆಸ್ಟೆಡ್ ವೀಟ್‌ಗ್ರಾಸ್ ಎಂಬ ಏಷ್ಯಾದ ಹುಲ್ಲನ್ನು ವಿಪರೀತ ಬಿತ್ತಿದರು. ಅದು ನೆಲ ಹಿಡಿಯಿತು, ಆದರೆ ತಾನಲ್ಲದೆ ಬೇರೆಯವರಿಗೆ ಜಾಗ ಬಿಡಲಿಲ್ಲ. ಬ್ರೋಮ್ ಹುಲ್ಲಿನ ಕಥೆಯೂ ಅದೇ. ನಮ್ಮ ಆರೋಗ್ಯ ಕೇಂದ್ರದ ಹಿಂದೆ ಇದ್ದದ್ದು ಬರೀ ಬ್ರೋಮ್. ಯಾರೂ ಕಾಲಿಡದ, ಬೇಸಿಗೆಯಲ್ಲಿ ಯಂತ್ರ ಓಡಿಸಿ ಕತ್ತರಿಸುವ ಒಂದು ತುಂಡು ನೆಲ.

ಆ ಕಟ್ಟಡದ ಒಂದು ತುದಿಯಲ್ಲಿ ಕ್ಲಿನಿಕ್, ಇನ್ನೊಂದು ತುದಿಯಲ್ಲಿ ವಯಸ್ಸಾದವರು ಉಳಿಯುವ ಆರೈಕೆ ವಿಭಾಗ. ಆ ವಿಭಾಗದ ಕಿಟಕಿಗಳೆಲ್ಲ ಈ ನೆಲದ ಕಡೆಗೇ ತೆರೆಯುತ್ತವೆ. ನರ್ಸಿಂಗ್ ಓದುವಾಗ ರೋಜರ್ ಉಲ್ರಿಚ್ ಅವರ 1984ರ ಅಧ್ಯಯನದ ಬಗ್ಗೆ ಕೇಳಿದ್ದೆ. ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವಿಗೆ ತೀವ್ರವಾದ ಔಷಧಿಯನ್ನೂ ಕಡಿಮೆ ತೆಗೆದುಕೊಂಡರು. ಹೋಲಿಸಿ ನೋಡಿದ್ದು 23 ಜೋಡಿ ರೋಗಿಗಳನ್ನು ಮಾತ್ರ, ಆದರೂ ಅದು ಆಸ್ಪತ್ರೆ ಕಟ್ಟುವ ರೀತಿಯನ್ನೇ ಬದಲಿಸಿತು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದ ಇನ್ನೊಂದು ಅಧ್ಯಯನ, ವಾರಕ್ಕೆ 120 ನಿಮಿಷವಾದರೂ ಹೊರಗೆ ಪ್ರಕೃತಿಯ ನಡುವೆ ಇರುವವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳುವ ಸಾಧ್ಯತೆ ಹೆಚ್ಚು ಎಂದಿತು. ಕೆನಡಾದಲ್ಲಿ ಈಗ ವೈದ್ಯರು ಔಷಧಿಯ ಚೀಟಿಯ ಹಾಗೆಯೇ ಇದನ್ನೂ ಬರೆದುಕೊಡುವ ಪಾರ್‌ಎಕ್ಸ್ ಎಂಬ ಕಾರ್ಯಕ್ರಮವಿದೆ. ಒಮ್ಮೆಗೆ 20 ನಿಮಿಷ, ವಾರಕ್ಕೆ ಎರಡು ಗಂಟೆ.

ನಾನೂ ಬರೆದುಕೊಟ್ಟೆ. ಯಾರೂ ಹೋಗಲಿಲ್ಲ. "ಹೊರಗೆ ಹೋಗಿ ಏನು ಮಾಡಲಿ?" ಎಂದು ಸೊಂಟದ ಶಸ್ತ್ರಚಿಕಿತ್ಸೆಯಾದ ಒಬ್ಬ ಅಜ್ಜ ಕೇಳಿದರು. ಆ ಪ್ರಶ್ನೆಯಲ್ಲಿ ಮೊಂಡುತನ ಇರಲಿಲ್ಲ. ಪ್ರೇರಿಯ ರೈತನಿಗೆ ಹೊರಗೆ ಅಂದರೆ ಕೆಲಸ. ಬೇಲಿ ಸರಿಮಾಡಲು ಹೊರಗೆ, ಕರು ಹಾಕುವ ಹಸು ನೋಡಲು ಹೊರಗೆ. ಸುಮ್ಮನೆ ನಡೆದಾಡುವುದು ಅವರ ಬದುಕಿನಲ್ಲಿ ಎಂದೂ ಇರಲಿಲ್ಲ. ಅವರ ಮಾತನ್ನು ನಾನು ನೇರವಾಗಿ ತೆಗೆದುಕೊಂಡೆ. ಹೊರಗೆ ಏನಾದರೂ ಮಾಡಲು ಇರಲಿ ಎಂದು ಹುಡುಕಲು ಶುರು ಮಾಡಿದೆ. ಹಾಗೆ ಹೊಳೆದದ್ದು ಈ ನೆಲವನ್ನು ಮತ್ತೆ ಪ್ರೇರಿಯಾಗಿಸುವ ಯೋಚನೆ.

ಅನುಮತಿಗೆ ತಿರುಗಿದ್ದನ್ನು ಉದ್ದಕ್ಕೆ ಹೇಳುವುದಿಲ್ಲ. ನೆಲ ಯಾರದು, ಬಿದ್ದರೆ ಹೊಣೆ ಯಾರದು, ನೀರಿನ ಬಿಲ್ ಯಾರದು ಎಂಬ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಟ್ಟ ಮೇಲೆ ಸಹಿ ಸಿಕ್ಕಿತು. ಆದರೆ ನಿಜವಾದ ಅನುಮತಿ ಸಿಗುವುದು ಕಾಫಿ ರೋನಲ್ಲಿ. ಇಲ್ಲಿನ ಪ್ರತಿ ಸಣ್ಣ ಊರಿನಲ್ಲೂ ಬೆಳಿಗ್ಗೆ ಹತ್ತಕ್ಕೆ ಕೋ-ಆಪ್ ಅಂಗಡಿಯಲ್ಲೋ ಹೋಟೆಲಿನಲ್ಲೋ ಒಂದೇ ಮೇಜಿಗೆ ಸೇರುವ ಹಿರಿಯ ರೈತರ ಗುಂಪಿರುತ್ತದೆ. ಅದಕ್ಕೆ ಕಾಫಿ ರೋ ಅನ್ನುತ್ತಾರೆ. ಮಳೆ, ಬೆಲೆ, ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಎಲ್ಲ ಅಲ್ಲಿ ತೀರ್ಮಾನ. ನಾನು ಹೋಗಿ ಕುಳಿತು ಕೇಳಿದೆ: "ಬ್ರೋಮ್ ಸಾಯಿಸುವುದು ಹೇಗೆ, ವಿಷ ಹಾಕದೆ?" ಅರ್ಧ ಗಂಟೆ ವಾದ ನಡೆಯಿತು. ವಾದ ಮಾಡಿದವರೆಲ್ಲ ಈ ಕೆಲಸದಲ್ಲಿ ಪಾಲುದಾರರಾದರು. ಈಗಲೂ ಯಾರಾದರೂ ಹೇಗೆ ಶುರು ಮಾಡುವುದೆಂದು ಕೇಳಿದರೆ ನಾನು ಹೇಳುವುದು ಇದನ್ನೇ: ಯೋಜನೆ ಹೊತ್ತುಕೊಂಡು ಹೋಗಬೇಡಿ, ಊರಿನವರಿಗೆ ಗೊತ್ತಿರುವ ಪ್ರಶ್ನೆಯೊಂದನ್ನು ತೆಗೆದುಕೊಂಡು ಹೋಗಿ.

ಉತ್ತರ ಅವರದೇ ಕೊಟ್ಟಿಗೆಗಳಲ್ಲಿತ್ತು. ಸೈಲೇಜ್, ಅಂದರೆ ಹುದುಗಿಸಿದ ಹಸಿ ಮೇವಿನ ಗುಡ್ಡೆ ಮುಚ್ಚುವ ಹಳೆಯ ಕಪ್ಪು ಪ್ಲಾಸ್ಟಿಕ್ ಹಾಳೆ. ಮೇ ತಿಂಗಳಲ್ಲಿ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ, ಹಾಳೆ ಹಾಸಿ, ಗಾಳಿಗೆ ಹಾರದಂತೆ ಅಂಚುಗಳಿಗೆ ಹಳೆಯ ಟಯರು ಇಟ್ಟೆವು. ಬ್ರೋಮ್ ನೆಲದೊಳಗೆ ಬೇರುಕಾಂಡ ಹಬ್ಬಿಸುವ ಹುಲ್ಲು, ಒಂದು ಬೇಸಿಗೆಗೆ ಪೂರ್ತಿ ಸಾಯುವುದಿಲ್ಲ ಎಂದು ಅವರೇ ಎಚ್ಚರಿಸಿದ್ದರಿಂದ ಎರಡು ಬೇಸಿಗೆ ಹಾಗೇ ಬಿಟ್ಟೆವು. ಆ ಎರಡು ವರ್ಷಗಳನ್ನು ಬೀಜಕ್ಕಾಗಿ ಬಳಸಿಕೊಂಡೆವು.

ಈ ಬೀಜದ ಕೆಲಸವೇ ಎಲ್ಲಕ್ಕಿಂತ ಮುಖ್ಯ. ಊರಿನಿಂದ ಸ್ವಲ್ಪ ದೂರದಲ್ಲಿ ಒಬ್ಬ ರೈತರ ಮೇವಿನ ಗುಡ್ಡವಿದೆ. ಕಲ್ಲು ಹೆಚ್ಚೆಂದು ಅವರ ತಾತನ ಕಾಲದಿಂದ ಯಾರೂ ನೇಗಿಲು ಹಾಕಿಲ್ಲ, ಹಾಗಾಗಿ ಮೂಲದ ಪ್ರೇರಿ ಉಳಿದಿದೆ. ಗುಡ್ಡದ ಮೇಲೆ ಎದೆಯೆತ್ತರದ ಒಂದು ಬಂಡೆ. ಬೈಸನ್ ಎಂಬ ದೊಡ್ಡ ಕಾಡುದನಗಳು ಹಿಂದೆ ಮೈ ತುರಿಸಿಕೊಂಡು ಅದರ ಮೂಲೆಗಳನ್ನೆಲ್ಲ ನುಣುಪು ಮಾಡಿವೆ, ಸುತ್ತ ಅವುಗಳ ಗೊರಸಿಗೆ ನೆಲ ತಗ್ಗಾಗಿದೆ. ಕಾಡು ಬೈಸನ್‌ಗಳು ಇಲ್ಲಿಂದ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಲ್ಲವಾದವು. ವಾಲ್ ಮರಿ ಊರಿನ ಬಳಿಯ ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಮತ್ತೆ ತಂದುಬಿಟ್ಟದ್ದು 2005ರಲ್ಲಿ. ಆರೈಕೆ ವಿಭಾಗದ ವ್ಯಾನಿನಲ್ಲಿ ನಡೆಯಬಲ್ಲವರನ್ನು ಆ ಗುಡ್ಡಕ್ಕೆ ಕರೆದುಕೊಂಡು ಹೋದಾಗಲೆಲ್ಲ ಎಲ್ಲರೂ ಆ ಬಂಡೆಯನ್ನು ಮುಟ್ಟಿ ಬರುತ್ತಾರೆ. ಕೈಯಲ್ಲಿ ವಾಕರ್ ಹಿಡಿದು, ಏರು ನೆಲದಲ್ಲಿ, ಬಂಡೆಯವರೆಗೆ ಹೋಗಿ ಬರುವುದೆಂದರೆ ವ್ಯಾಯಾಮದ ಕೋಣೆಯಲ್ಲಿ ಯಾರೂ ಮಾಡಲು ಒಪ್ಪದಷ್ಟು ನಡಿಗೆ.

ಜುಲೈ ಮೊದಲಿಗೆ ನೀಡಲ್ ಆಂಡ್ ಥ್ರೆಡ್ ಎಂಬ ಹುಲ್ಲು ಬೀಜಕ್ಕೆ ಬರುತ್ತದೆ. ಸಸ್ಕಾಚೆವಾನಿನ ಅಧಿಕೃತ ಹುಲ್ಲು ಅದು. ಚೂಪು ಬೀಜ, ಅದರ ತುದಿಗೆ ಗೇಣುದ್ದಕ್ಕೆ ಸ್ವಲ್ಪ ಕಡಿಮೆಯ ಎಳೆ. ಒಣಗಿದಾಗ ಎಳೆ ಹುರಿಯಾಗುತ್ತದೆ, ತೇವ ತಾಗಿದಾಗ ಬಿಚ್ಚಿಕೊಳ್ಳುತ್ತದೆ. ಹೀಗೆ ತಿರುಗುತ್ತ ತಿರುಗುತ್ತ ಬೀಜ ತನ್ನನ್ನು ತಾನೇ ಮಣ್ಣಿಗೆ ಕೊರೆದುಕೊಳ್ಳುತ್ತದೆ. ಕಾಲುಚೀಲಕ್ಕೂ ಕೊರೆಯುತ್ತದೆ, ಕುರಿಯ ಚರ್ಮಕ್ಕೂ. ಎಳೆ ಬಿಡಿಸಿ ಬೀಜ ಬೇರೆ ಮಾಡುವ ಕೆಲಸಕ್ಕೆ ಯಂತ್ರವಿಲ್ಲ, ನಮ್ಮ ಊರಿನಲ್ಲಂತೂ ಇಲ್ಲ. ಬೆರಳು ಬೇಕು. ಊಟದ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ರಾಶಿ ಸುರಿದೆ. ಮರೆವಿನ ಕಾಯಿಲೆಯ ಒಬ್ಬ ಹಿರಿಯರು, ಮಗಳ ಹೆಸರು ನೆನಪಾಗದವರು, ಜೀವನವಿಡೀ ಕೌದಿ ಹೊಲಿದವರು. ಅವರ ಬೆರಳು ಆ ಎಳೆಗಳನ್ನು ಕಂಡ ತಕ್ಷಣ ಏನು ಮಾಡಬೇಕೆಂದು ತಿಳಿದವು. ಮಧ್ಯಾಹ್ನದ ಹೊತ್ತು ಅವರಿಗೆ ತಳಮಳ ಹೆಚ್ಚು, ಬಾಗಿಲಿನ ಕಡೆ ನಡೆದು ಮನೆಗೆ ಹೋಗಬೇಕೆಂದು ಅಳುತ್ತಿದ್ದರು. ಬೀಜ ಬಿಡಿಸುವ ದಿನಗಳಲ್ಲಿ ಅಳುತ್ತಿರಲಿಲ್ಲ. "ಇದು ನಾಳೆಗೂ ಇದೆಯಾ?" ಎಂದು ಕೇಳುತ್ತಿದ್ದರು. ಇದೆ ಎಂದು ಹೇಳುವಾಗ ಅದು ನಿಜವಾಗಿತ್ತು. ಅದೇ ನನಗೆ ಎಲ್ಲಕ್ಕಿಂತ ಹಿತವೆನಿಸಿದ ಸಂಗತಿ.

ಇನ್ನೊಬ್ಬರಿಗೆ ಪಾರ್ಶ್ವವಾಯು ಆಗಿ ಎಡಗೈ ಸೋತಿತ್ತು. ದಿನದ ಕೆಲಸಗಳಿಗೆ ಕೈಯನ್ನು ಮತ್ತೆ ಪಳಗಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಕೊಟ್ಟ ಜೇಡಿಮಣ್ಣಿನಂಥ ಉಂಡೆಯನ್ನು ಹಿಸುಕುವುದೆಂದರೆ ಅವರಿಗೆ ಅವಮಾನ. ನೇರಳೆ ಬಣ್ಣದ ಪ್ರೇರಿ ಕ್ಲೋವರ್ ಬೀಜಕ್ಕೆ ಗಟ್ಟಿ ಸಿಪ್ಪೆ, ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಎರಡು ಮರದ ತುಂಡಿಗೆ ಉಪ್ಪುಕಾಗದ ಅಂಟಿಸಿ, ಕೆಳಗಿನದನ್ನು ಎಡಗೈಯಲ್ಲಿ ಹಿಡಿದು ಮೇಲಿನದನ್ನು ಬಲಗೈಯಲ್ಲಿ ಉಜ್ಜುವಂತೆ ಥೆರಪಿಸ್ಟ್ ಜೊತೆ ಕೂತು ಹೊಂದಿಸಿದೆ. ಎಡಗೈ ಜಾರಿದರೆ ಬೀಜ ಚೆಲ್ಲುತ್ತದೆ. ಅವರು ಚೆಲ್ಲಲು ಬಿಡಲಿಲ್ಲ. ಆ ಚಳಿಗಾಲ ಮುಗಿಯುವಷ್ಟರಲ್ಲಿ ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದರು. ಕ್ಲೋವರ್ ಬೀಜ ವಾಸಿ ಮಾಡಿತು ಎಂದು ನಾನು ಹೇಳುವುದಿಲ್ಲ. ದಿನಕ್ಕೆ ಎಷ್ಟು ಸಲ ಕೈ ಅಲುಗಿಸಬೇಕೋ ಅಷ್ಟು ಸಲ ಅಲುಗಿಸಲು ಅವರಿಗೆ ಕಾರಣ ಸಿಕ್ಕಿತು, ನರಗಳು ಉಳಿದದ್ದನ್ನು ಮಾಡಿದವು.

ಸೇಜ್ ಎಂಬ ಪರಿಮಳದ ಬೂದುಬಣ್ಣದ ಗಿಡದ ಬಗ್ಗೆ ನನಗೆ ಕಲಿಸಿದ್ದು ಕ್ರೀ ಎಂಬ ಮೂಲನಿವಾಸಿ ಜನರಿಗೆ ಮೀಸಲಾದ ಪಕ್ಕದ ನೆಲದ ಒಬ್ಬ ಅಜ್ಜಿ. ಎಲ್ಲರೂ ಅವರನ್ನು ಕೋಕುಮ್ ಅನ್ನುತ್ತಾರೆ, ಕ್ರೀ ಭಾಷೆಯಲ್ಲಿ ಅಜ್ಜಿ. ನಾನೂ ಹಾಗೆಯೇ ಕರೆಯುತ್ತೇನೆ. ನಾವೆಲ್ಲ ವಾಸಿಸುವ ಈ ನೆಲ, ಮೂಲನಿವಾಸಿಗಳ ಮತ್ತು ಬ್ರಿಟಿಷ್ ರಾಣಿಯ ಪ್ರತಿನಿಧಿಗಳ ನಡುವೆ ಆದ 1874ರ ನಾಲ್ಕನೆಯ ಒಪ್ಪಂದಕ್ಕೆ ಸೇರಿದ್ದು. ಆ ಒಪ್ಪಂದದ ನಂತರದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಅವರ ಜನರಿಗೆ ಸರ್ಕಾರದಿಂದ, ಮಕ್ಕಳನ್ನು ಎತ್ತಿಕೊಂಡು ಹೋಗುವ ವಸತಿ ಶಾಲೆಗಳಿಂದ ಆದದ್ದು ಇನ್ನೂ ಮಾಯದ ಗಾಯ. ಕೊನೆಯ ವಸತಿ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಸಮವಸ್ತ್ರ ಹಾಕಿದವರು ಬಾಗಿಲು ತಟ್ಟಿದರೆ ಅವರ ಪೀಳಿಗೆಯವರ ಎದೆ ಯಾಕೆ ಬಿಗಿಯುತ್ತದೆ ಎಂದು ನರ್ಸಿಗೆ ಗೊತ್ತಿರಬೇಕು. ಕೋಕುಮ್ ಅವರ ಕಾಲಿನ ಹುಣ್ಣು ನೋಡಲು ಹೋದಾಗ ನಾನು ಸಮವಸ್ತ್ರ ಬಿಟ್ಟು ಹೋಗುತ್ತಿದ್ದೆ. ಮೊದಲು ಚಹಾ, ಆಮೇಲೆ ಮಾತು, ಆಮೇಲೆ ಕಾಲು.

ಗುಡ್ಡಕ್ಕೆ ಬಂದ ದಿನ ಅವರು ಮೊದಲು ಒಂದು ಚಿಟಿಕೆ ಹೊಗೆಸೊಪ್ಪನ್ನು ನೆಲಕ್ಕೆ ಇಟ್ಟರು. ಕಣ್ಣಿಗೆ ಬಿದ್ದ ಮೊದಲ ಗಿಡವನ್ನು ಮುಟ್ಟಬಾರದು, ಒಂದೇ ಕಡೆಯಿಂದ ತೆಗೆಯಬಾರದು, ಬೇರು ಕೀಳಬಾರದು, ಬೀಜಕ್ಕೆ ಬಿಟ್ಟು ಉಳಿದದ್ದರಲ್ಲಿ ಸ್ವಲ್ಪ ತೆಗೆಯಬೇಕು ಎಂದರು. ಅವರು ಏನು ಪ್ರಾರ್ಥಿಸಿದರು ಎನ್ನುವುದು ಅವರದು, ಇಲ್ಲಿ ಬರೆಯುವುದಿಲ್ಲ. ಆದರೆ ಆ ನಾಲ್ಕು ಕಟ್ಟಳೆ ನಮ್ಮ ಬೀಜ ಸಂಗ್ರಹದ ನಿಯಮವಾದವು. ಆರೈಕೆ ವಿಭಾಗದಲ್ಲಿದ್ದ ಅವರ ಸಮುದಾಯದವರಿಗಾಗಿ ಸೇಜ್ ಹೊಗೆಯ ಶುದ್ಧೀಕರಣಕ್ಕೆ ಒಂದು ಕೋಣೆ ಗೊತ್ತು ಮಾಡಿದೆವು. ಅಲ್ಲಿ ನನ್ನ ಕೆಲಸ ಒಂದೇ, ಆಮ್ಲಜನಕದ ಸಿಲಿಂಡರ್ ಬೆಂಕಿಯ ಹತ್ತಿರ ಬಾರದಂತೆ ನೋಡಿಕೊಳ್ಳುವುದು, ಕಿಟಕಿ ತೆರೆಯುವುದು, ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು.

ಬಿತ್ತನೆ ನವೆಂಬರಿನಲ್ಲಿ. ನಮ್ಮ ಕಡೆಯವರಿಗೆ ಇದು ವಿಚಿತ್ರ ಅನಿಸುತ್ತದೆ, ಹಿಮ ಬೀಳುವ ಮುಂಚೆ ಬಿತ್ತುವುದೇ ಎಂದು. ಇಲ್ಲಿನ ಎಷ್ಟೋ ಕಾಡುಹೂಗಳ ಬೀಜ ಒದ್ದೆಯಲ್ಲಿ, ಚಳಿಯಲ್ಲಿ ವಾರಗಟ್ಟಲೆ ಮಲಗಿದರೇ ಮೊಳೆಯುವುದು. ನೆಲ ಮೊಳಕೆ ಬಾರದಷ್ಟು ತಣ್ಣಗಾಗಿರಬೇಕು, ಇನ್ನೂ ಕಲ್ಲಾಗಿರಬಾರದು. ಆ ಕೆಲವು ದಿನಗಳನ್ನು ಕಾಫಿ ರೋನವರು ಹೇಳಿದರು. ಬೀಜವನ್ನು ಒದ್ದೆ ಮರಳಿನಲ್ಲಿ ಕಲಸಿ ಕೈಯಲ್ಲಿ ಎರಚಿದೆವು. ಅರ್ಧ ಸೆಂಟಿಮೀಟರಿಗಿಂತ ಆಳ ಹೋಗಬಾರದು, ಆದರೆ ಮಣ್ಣಿಗೆ ಅಂಟಿಕೊಳ್ಳಬೇಕು. ಅದಕ್ಕೆ ತುಳಿಯಬೇಕು. ಶಾಲೆಯ ಮಕ್ಕಳು ಬೂಟಿನಲ್ಲಿ ತುಳಿದರು, ಅಜ್ಜ ಅಜ್ಜಿಯರು ವಾಕರ್ ಚಕ್ರಗಳನ್ನು ಆ ಮಣ್ಣಿನ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸಿದರು. ಸೊಂಟದ ಶಸ್ತ್ರಚಿಕಿತ್ಸೆಯ ಅಜ್ಜ ಎಲ್ಲರಿಗೂ ಸಾಲು ಹಿಡಿಯಲು ಹೇಳುತ್ತ, ಹೊಲದ ಮೂಲೆಯಲ್ಲಿ ನಿಂತು ಮೇಲ್ವಿಚಾರಣೆ ಮಾಡಿದರು.

ನಮಗೊಂದು ಪರೀಕ್ಷೆಯಿದೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದರ್ಥ. ಆ ಅಜ್ಜ ಮೊದಲು ಅದರಲ್ಲಿ ಬಹಳ ಹಿಂದಿದ್ದರು. ಬಿತ್ತನೆಯ ಹೊತ್ತಿಗೆ ಗಡಿಯ ಹತ್ತಿರ ಬಂದಿದ್ದರು. ಎರಡು ಬೇಸಿಗೆ ಪ್ಲಾಸ್ಟಿಕ್ ಹಾಳೆಯ ಟಯರು ಸರಿದಿವೆಯೇ ಎಂದು ಗಾಳಿ ಬೀಸಿದ ಪ್ರತಿ ದಿನ ಹೋಗಿ ನೋಡಿದ್ದು ಅವರೇ. ಸಸ್ಕಾಚೆವಾನಿನಲ್ಲಿ ಗಾಳಿ ಬೀಸದ ದಿನ ಕಡಿಮೆ.

ಹೊರಗೆ ಕರೆದೊಯ್ಯುವ ಯಾರೇ ಆಗಲಿ ತಿಳಿದಿರಬೇಕಾದ ಕೆಲವು ವಿಷಯಗಳಿವೆ. ಬಿಪಿಯ ಕೆಲವು ಮಾತ್ರೆಗಳು ಬಿಸಿಲಿಗೆ ಚರ್ಮವನ್ನು ಸೂಕ್ಷ್ಮ ಮಾಡುತ್ತವೆ, ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬೇಗ ಬಳಲುತ್ತಾರೆ. ಮೇ, ಜೂನಿನಲ್ಲಿ ರಕ್ತ ಹೀರುವ ಉಣ್ಣೆಹುಳುಗಳು ಹತ್ತುತ್ತವೆ, ಒಳಗೆ ಬಂದ ಮೇಲೆ ಕುತ್ತಿಗೆ, ಕಂಕುಳು, ಮೊಣಕಾಲ ಸಂದು ನೋಡಬೇಕು. ಗೋಫರ್ ಎಂಬ ನೆಲ ಅಳಿಲಿನ ಬಿಲಗಳಿಗೆ ಕಾಲು ಸಿಕ್ಕಿಕೊಳ್ಳುತ್ತದೆ, ಹಾಗಾಗಿ ದಾರಿಯನ್ನು ಮೊದಲೇ ನಡೆದು ಬಾವುಟ ನೆಡುತ್ತೇನೆ. ಚಳಿಗಾಲದಲ್ಲಿ ಮೈನಸ್ 30ಕ್ಕೆ ಇಳಿದಾಗ ಸಕ್ಕರೆ ಕಾಯಿಲೆಯವರ ಪಾದಕ್ಕೆ ಹಿಮ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅವರನ್ನು ಹೊರಗೆ ಬಿಡುವುದಿಲ್ಲ. ಉತ್ತರದ ಕಾಡಿಗೆ ಬೆಂಕಿ ಬಿದ್ದು ಹೊಗೆ ಇಳಿದ ದಿನವೂ ಅಷ್ಟೇ, ಎಷ್ಟೇ ಬೇಡಿಕೊಂಡರೂ ಬಾಗಿಲು ಹಾಕಿದ್ದೇ.

ಬಿತ್ತಿದ ಮೇಲಿನ ಮೊದಲ ಬೇಸಿಗೆ ಎದ್ದದ್ದು ಕಳೆ. ಕೋಚಿಯಾ, ರಷ್ಯನ್ ಥಿಸಲ್, ಅದರ ಜೊತೆ ನನಗೆ ಚೆನ್ನಾಗಿ ಪರಿಚಯವಿದ್ದ ಒಂದು ಸೊಪ್ಪು. ಇಲ್ಲಿಯವರು ಅದನ್ನು ಲ್ಯಾಂಬ್ಸ್ ಕ್ವಾರ್ಟರ್ಸ್ ಅನ್ನುತ್ತಾರೆ, ನಾವು ಚಕ್ಕೋತ ಸೊಪ್ಪು. ಎಳೆಯದನ್ನು ಬಿಡಿಸಿ, ಇದೇ ಜಿಲ್ಲೆಯಲ್ಲಿ ಬೆಳೆದ ಮಸೂರ ಬೇಳೆ ಹಾಕಿ ಮಸ್ಸೊಪ್ಪು ಮಾಡಿ ಆರೈಕೆ ವಿಭಾಗದ ಅಡಿಗೆಯವರಿಗೂ ಕೊಟ್ಟೆ. ಭಾರತಕ್ಕೆ ಹಡಗಿನಲ್ಲಿ ಹೋಗುವ ಕೆನಡಾದ ಮಸೂರ ಬಹುಪಾಲು ಸಸ್ಕಾಚೆವಾನಿನದು. ವರ್ಷಗಟ್ಟಲೆ ಅದನ್ನು ಬೆಳೆದು ಲಾರಿಗೆ ತುಂಬಿದವರು ಅದನ್ನು ಸಾರು ಮಾಡಿ ಉಂಡದ್ದು ಅವತ್ತೇ ಮೊದಲು. "ಬೆಳ್ಳುಳ್ಳಿ ಇನ್ನೂ ಹಾಕಬಹುದಿತ್ತು" ಎಂದು ಉಕ್ರೇನಿನ ಮೂಲದ ಒಬ್ಬ ಅಜ್ಜಿ ಹೇಳಿದರು. ಮುಂದಿನ ಸಲ ಹಾಕಿದೆ.

ಆದರೆ ಕಳೆ ಅಂದರೆ ರೈತರಿಗೆ ನಾಚಿಕೆ. ಊರಿನ ಮಧ್ಯೆ ಕಳೆ ಎದ್ದ ಹೊಲ ನೋಡಿ ಬೇಸರಪಟ್ಟವರು ಹಲವರು. ಇಂಥ ಬಿತ್ತನೆ ಮಾಡುವವರು ಹೇಳುವ ಮಾತಿದೆ: ಮೊದಲ ವರ್ಷ ನಿದ್ದೆ, ಎರಡನೆಯ ವರ್ಷ ತೆವಳಿಕೆ, ಮೂರನೆಯ ವರ್ಷ ನೆಗೆತ. ಮೂಲದ ಹುಲ್ಲು ಮೊದಲು ಬೇರಿಗೆ ಹಾಕುತ್ತದೆ, ಎಲೆಗೆ ಆಮೇಲೆ. ಅಲ್ಲಿಯವರೆಗೆ ಕಳೆಯನ್ನು ಬೀಜಕ್ಕೆ ಬಿಡದೆ, ಒಂದು ಗೇಣು ಎತ್ತರಕ್ಕೆ ಕತ್ತರಿಸುತ್ತಿರಬೇಕು. ಕೆಳಗಿರುವ ಸಸಿಗೆ ತಾಗಬಾರದು. ಅದಕ್ಕೆ ಯಂತ್ರ ಗೊತ್ತಿರುವ, ಪ್ರತಿ ವಾರ ಬರುವ ಒಬ್ಬರು ಬೇಕಿತ್ತು.

ಆ ಜುಲೈನಲ್ಲಿ ಆಲಿಕಲ್ಲು ಬಿದ್ದು ಒಬ್ಬ ರೈತರ ಪೂರ್ತಿ ಬೆಳೆ ನೆಲ ಕಚ್ಚಿತು. ಹಿಂದಿನ ವರ್ಷ ಬರ. ನಾನು ಅವರ ತಾಯಿಯ ಡ್ರೆಸಿಂಗಿಗೆ ಹೋಗುತ್ತಿದ್ದೆ. ಆ ರೈತರು ಮಾತು ಬಿಟ್ಟಿದ್ದರು, ಊಟ ಬಿಟ್ಟಿದ್ದರು. ಇಲ್ಲಿನ ಗಂಡಸರನ್ನು ಎದುರು ಕೂರಿಸಿಕೊಂಡು ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೇನೆ ಅನ್ನುತ್ತಾರೆ. ಪಿಕಪ್ಪಿನಲ್ಲಿ ಪಕ್ಕದಲ್ಲಿ ಕೂತು, ಇಬ್ಬರೂ ರಸ್ತೆಯ ಕಡೆ ನೋಡುತ್ತಿದ್ದರೆ ಬೇರೆ ಮಾತು ಬರುತ್ತದೆ. ನಾನು ಹಾಗೆ ಪಕ್ಕದಲ್ಲಿ ಕೂತು ನೇರವಾಗಿ ಕೇಳಿದೆ: ಸಾಯಬೇಕು ಅನಿಸಿದೆಯೇ? ಬಳಸಿ ಕೇಳಿದರೆ ಬಳಸಿದ ಉತ್ತರವೇ ಸಿಗುತ್ತದೆ. ಅನಿಸಿದೆ ಎಂದರು. ಅಂದು ಸಂಜೆಯೇ ಅವರ ಅಣ್ಣ ಬಂದು ಮನೆಯ ಬಂದೂಕುಗಳನ್ನು ತನ್ನ ಮನೆಗೆ ಕೊಂಡೊಯ್ದರು. ವೈದ್ಯರನ್ನು ಕಂಡರು. ಈ ಪ್ರಾಂತ್ಯದಲ್ಲಿ ರೈತರಿಗೆಂದೇ ಹಗಲು ರಾತ್ರಿ ನಡೆಯುವ ಫಾರ್ಮ್ ಸ್ಟ್ರೆಸ್ ಲೈನ್ ಎಂಬ ದೂರವಾಣಿ ಸೇವೆಯಿದೆ, ಅದರ ಸಂಖ್ಯೆಯನ್ನು ಫ್ರಿಜ್ ಮೇಲೆ ಅಂಟಿಸಿ ಬಂದೆ. ಹುಲ್ಲುಗಾವಲು ಇದಕ್ಕೆಲ್ಲ ಬದಲಿ ಆಗಲಾರದು. ಇಷ್ಟೆಲ್ಲ ಆದ ಮೇಲೆ, ಚಿಕಿತ್ಸೆ ಶುರುವಾದ ಮೇಲೆ, ಅವರನ್ನು ಕೇಳಿದೆ: "ನಮ್ಮ ಯಂತ್ರದ ಅಲಗನ್ನು ಎತ್ತರಿಸಿ ಕೊಡ್ತೀರಾ? ನಮ್ಮಲ್ಲಿ ಯಾರಿಗೂ ಆಗ್ತಿಲ್ಲ." ನಿಜವಾಗಿಯೂ ಆಗುತ್ತಿರಲಿಲ್ಲ.

ಬಂದರು. ಅಲಗು ಎತ್ತರಿಸಿದರು. ಮುಂದಿನ ವಾರ ಯಾರೂ ಕರೆಯದೆ ಬಂದರು. ಅವರು ಯಂತ್ರ ಓಡಿಸುವಾಗ ಕಿಟಕಿಯ ಹಿಂದೆ ಏಳೆಂಟು ಹಿರಿಯರು ಕೂತು, ಸಾಲು ನೇರವಾಗಿದೆಯೋ ಇಲ್ಲವೋ ಎಂದು ಚರ್ಚಿಸುತ್ತಿದ್ದರು. ಆ ರೈತರಿಗೆ ಕಾಫಿ ಕೊಡಲು ಹಿರಿಯರಲ್ಲಿ ಒಬ್ಬರು ಬಾಗಿಲವರೆಗೆ ನಡೆಯತೊಡಗಿದರು. ಒಬ್ಬನ ಕೆಲಸ ಇನ್ನೊಬ್ಬರ ಕೆಲಸವನ್ನು ಹುಟ್ಟಿಸುತ್ತದೆ. ನಾನು ಯೋಜಿಸಿದ್ದು ಮೊದಲನೆಯದನ್ನು ಮಾತ್ರ.

ಇದು ಇಲ್ಲಿನ ನೆಲಕ್ಕೆ ಹೊಸದೇನಲ್ಲ. ರೈತನೊಬ್ಬ ಕೊಯ್ಲಿನ ಹೊತ್ತಿಗೆ ಕಾಯಿಲೆ ಬಿದ್ದರೆ ಅಕ್ಕಪಕ್ಕದವರು ತಮ್ಮ ಕಂಬೈನು ಕೊಯ್ಲುಯಂತ್ರಗಳನ್ನು ತಂದು ಸಾಲಾಗಿ ನಿಲ್ಲಿಸಿ ಅವನ ಹೊಲವನ್ನು ಕೊಯ್ದುಕೊಡುತ್ತಾರೆ. ಅಕ್ಟೋಬರಿನಲ್ಲಿ ಚರ್ಚಿನ ಸಭಾಂಗಣದಲ್ಲಿ ಊರೆಲ್ಲ ಸೇರಿ ಉಣ್ಣುವ ಫೌಲ್ ಸಪ್ಪರಿಗೆ ಎಲೆಕೋಸಿನ ಸುರುಳಿ, ಪೆರೋಗಿ, ಟರ್ಕಿ, ಪೈ ಮನೆಮನೆಯಿಂದ ಬರುತ್ತವೆ. ನಾನು ಇಲ್ಲಿನ ಹಳದಿ ಬಟಾಣಿ ಬೇಳೆಯಲ್ಲಿ ಹೋಳಿಗೆ ಮಾಡಿ ಒಯ್ಯುತ್ತೇನೆ. ಸಾವಾದ ಮನೆಗೆ ಸ್ಯಾಂಡ್‌ವಿಚ್ ಹೋಗುವುದನ್ನು ಯಾರೂ ಹೇಳಬೇಕಾಗಿಲ್ಲ. ವೈದ್ಯಕೀಯವನ್ನೂ ಈ ಜನ ಹಾಗೆಯೇ ಕಟ್ಟಿಕೊಂಡರು. ವೈದ್ಯರೇ ಇಲ್ಲದ ಕಾಲದಲ್ಲಿ ಹಳ್ಳಿಗಾಡಿನ ಸ್ಥಳೀಯ ಆಡಳಿತಗಳು ತೆರಿಗೆ ಹಣದಿಂದ ವೈದ್ಯರಿಗೆ ಸಂಬಳ ಕೊಟ್ಟು ಕರೆಸಿಕೊಂಡವು, ಅಕ್ಕಪಕ್ಕದ ಊರುಗಳು ಕೂಡಿ ಆಸ್ಪತ್ರೆ ಕಟ್ಟಿದವು. 1929ರಲ್ಲಿ ಕ್ಷಯಕ್ಕೆ ಉಚಿತ ಚಿಕಿತ್ಸೆ, 1947ರಲ್ಲಿ ಪ್ರಾಂತ್ಯದ ಆಗಿನ ಪ್ರೀಮಿಯರ್ (ನಮ್ಮಲ್ಲಿನ ಮುಖ್ಯಮಂತ್ರಿಯ ಹಾಗೆ) ಟಾಮಿ ಡಗ್ಲಸ್ ಸರ್ಕಾರದಿಂದ ಆಸ್ಪತ್ರೆ ವಿಮೆ, 1962ರ ಜುಲೈ 1ಕ್ಕೆ ಎಲ್ಲರಿಗೂ ವೈದ್ಯಕೀಯ ವಿಮೆ. ಅದನ್ನು ವಿರೋಧಿಸಿ ವೈದ್ಯರು 23 ದಿನ ಮುಷ್ಕರ ಹೂಡಿದರು. ನಮ್ಮ ಆರೈಕೆ ವಿಭಾಗದಲ್ಲಿ ಆ 23 ದಿನಗಳನ್ನು ನೆನಪಿಟ್ಟುಕೊಂಡಿರುವವರು ಇದ್ದಾರೆ, ಬೀಜ ಬಿಡಿಸುವಾಗ ಆ ಮಾತು ಬಂದರೆ ಇನ್ನೂ ಎರಡು ಪಕ್ಷವಾಗುತ್ತದೆ. ಕೆನಡಾ ದೇಶಕ್ಕೆಲ್ಲ ಹಬ್ಬಿದ ವೈದ್ಯ ವ್ಯವಸ್ಥೆ ಈ ಹುಲ್ಲುನೆಲದಲ್ಲಿ ಶುರುವಾಯಿತು. ಇಂದು ಸಿಬ್ಬಂದಿ ಸಾಲದೆ ಗ್ರಾಮೀಣ ತುರ್ತು ವಿಭಾಗಗಳು ಆಗಾಗ ಬಾಗಿಲು ಹಾಕುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಊರಿನವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂಬುದು ಸರ್ಕಾರ ಕೈತೊಳೆದುಕೊಳ್ಳಲು ನೆಪವಾಗಬಾರದು. ಹುಲ್ಲು ಬೆಳೆಸುವ ಊರಿಗೂ ಆಂಬುಲೆನ್ಸ್ ಬೇಕು.

ಮೂರನೆಯ ಬೇಸಿಗೆಯಲ್ಲಿ ನೆಲ ನೆಗೆಯಿತು. ಹುಬ್ಬಿನಂಥ ತೆನೆ ಬಿಡುವ ಬ್ಲೂ ಗ್ರಾಮಾ, ಕೆಂಪು ಹಳದಿ ಗೈಲಾರ್ಡಿಯಾ, ನೇರಳೆ ಕ್ಲೋವರ್, ಯಾರೊ. ಬೇಲಿಗೂಟದ ಮೇಲೆ ಮೆಡೋಲಾರ್ಕ್ ಹಕ್ಕಿ ಕೂತು ಕೂಗುವುದನ್ನು ಕೇಳಲು ಕಿಟಕಿ ತೆರೆಯಿರಿ ಎಂದು ಬೆಳಿಗ್ಗೆ ಐದಕ್ಕೇ ಗಂಟೆ ಬಾರಿಸುವವರಿದ್ದಾರೆ. ರಾತ್ರಿ ಪಾಳಿಯ ಸಿಬ್ಬಂದಿ ತೆರೆಯುತ್ತಾರೆ.

ಉಪ್ಪುಕಾಗದ ಉಜ್ಜಿದವರು ತಮ್ಮ ಕ್ಲೋವರ್ ಅರಳಿದ್ದನ್ನು ನೋಡಿದರು. ಕೌದಿ ಹೊಲಿಯುತ್ತಿದ್ದವರು ನೋಡಲಿಲ್ಲ, ಆ ವಸಂತಕ್ಕೆ ಮೊದಲೇ ಹೋದರು. ಕೊನೆಯ ವಾರದಲ್ಲಿ ಅವರ ಮಗಳು ಹಾಸಿಗೆಯ ಪಕ್ಕ ಕೂತು ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಬೀಜ ಬಿಡಿಸುತ್ತಿದ್ದರು. ಏನು ಮಾತಾಡಬೇಕೆಂದು ತೋಚದ ಹೊತ್ತಿನಲ್ಲಿ ಕೈಗೆ ಕೆಲಸವಿತ್ತು. ತಾಯಿ ಕಣ್ಣು ತೆರೆದಾಗ ಅದನ್ನು ನೋಡುತ್ತಿದ್ದರು. ಆ ಮಗಳು ಈಗಲೂ ಪ್ರತಿ ಜುಲೈಗೆ ನಗರದಿಂದ ಬಂದು ಗುಡ್ಡದ ಸಂಗ್ರಹಕ್ಕೆ ಸೇರುತ್ತಾರೆ.

ಕ್ರೋಕಸ್ ಎಂದು ಇಲ್ಲಿಯವರು ಕರೆಯುವ ಹೂವೊಂದಿದೆ, ಏಪ್ರಿಲಿನಲ್ಲಿ ಹಿಮ ಪೂರ್ತಿ ಕರಗುವ ಮುಂಚೆಯೇ ಮೈತುಂಬ ರೋಮ ಹೊದ್ದು ಏಳುವ ತಿಳಿನೇರಳೆ ಹೂವು. ಅದರ ಬೀಜ ಜೂನಿಗೆ ಬಲಿಯುತ್ತದೆ, ಹಸಿಯಾಗಿರುವಾಗಲೇ ಬಿತ್ತಬೇಕು, ಕೂಡಿಟ್ಟರೆ ಸರಿಯಾಗಿ ಮೊಳೆಯದು. ಹೂ ಬಿಡಲು ವರ್ಷಗಳೇ ಬೇಕು. ಅದನ್ನು ಟ್ರೇಗಳಲ್ಲಿ ಬಿತ್ತಿ, ಒಂದೊಂದು ಟ್ರೇಯನ್ನು ಒಬ್ಬೊಬ್ಬರ ಹೆಸರಿಗೆ ಕೊಟ್ಟಿದ್ದೇವೆ. ಸೊಂಟದ ಅಜ್ಜನಿಗೆ ಈಗ ತೊಂಬತ್ತರ ಮೇಲೆ. ಎರಡು ಟ್ರೇ ಕೇಳಿ ಪಡೆದಿದ್ದಾರೆ.

ಹೋದ ಶರತ್ಕಾಲದಲ್ಲಿ ಬೇರೊಂದು ಊರಿನ ನರ್ಸ್ ನೋಡಲು ಬಂದಿದ್ದಳು. ಕೇರಳದ ಹುಡುಗಿ, ಇಲ್ಲಿಗೆ ಹೊಸಬಳು. ಅವರ ಕಟ್ಟಡದ ಹಿಂದೆಯೂ ಬ್ರೋಮ್ ಇದೆಯಂತೆ. ಒಂದು ಚೀಲ ಬೀಜ ಕೊಟ್ಟು, ಮೇ ತಿಂಗಳಲ್ಲಿ ಹಾಳೆ ಹಾಸು, ಆದರೆ ಅದಕ್ಕೂ ಮೊದಲು ನಿಮ್ಮೂರಿನ ಕಾಫಿ ರೋಗೆ ಹೋಗಿ ಬ್ರೋಮ್ ಸಾಯಿಸುವುದು ಹೇಗೆ ಎಂದು ಕೇಳು ಅಂದೆ. "ನೀವೇ ಹೇಳಿದ್ರಲ್ಲ, ನನಗೆ ಈಗ ಗೊತ್ತಲ್ಲ" ಅಂದಳು. ಗೊತ್ತಿದ್ದರೂ ಕೇಳು ಅಂದೆ. ನಿಮ್ಮೂರಿನ ಮಣ್ಣು, ಗಾಳಿ, ಹಳೆಯ ಹಾಳೆ ಯಾರ ಕೊಟ್ಟಿಗೆಯಲ್ಲಿದೆ ಅನ್ನುವುದು, ಇವು ನನಗೆ ಗೊತ್ತಿಲ್ಲ, ಅವರಿಗೆ ಗೊತ್ತು. ಮೇ ತಿಂಗಳಲ್ಲಿ ಫೋಟೊ ಕಳಿಸಿದಳು. ಹಾಳೆಯ ಅಂಚಿಗೆ ಟಯರಿನ ಬದಲು ಕಲ್ಲು ಇಟ್ಟಿದ್ದಾರೆ, ಅವರ ಹೊಲಗಳಲ್ಲಿ ಕಲ್ಲು ಜಾಸ್ತಿಯಂತೆ.